ಗಂಗವ್ವನ ಮನೆಯಲ್ಲಿ ನಮ್ಮ ಖಾರ

ವ್ಯಾಪಾರಕ್ಕೆ ಬಂಡವಾಳಕ್ಕಿಂತ ಮೊದಲು ಗಟ್ಟಿ ಮುಖ ಬೇಕು. ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಕರವಸ್ತ್ರ ಮಡಚುವುದನ್ನೂ ಬಾಯಿ ಮುಚ್ಚಿ ಅಗಿಯುವುದನ್ನೂ ಕಲಿಸಿದರು. ಪರಿಚಯದವರ ಮುಖ ನೋಡಿ 'ಇಷ್ಟಾಯಿತು' ಎನ್ನುವುದನ್ನು ಮಾತ್ರ ಕಲಿಸಲಿಲ್ಲ. ನಮ್ಮ ಬೈಲಹೊಂಗಲದಲ್ಲಿ ಪರಿಚಯವಿಲ್ಲದವರು ಯಾರಿದ್ದಾರೆ ಹೇಳಿ? ಒಬ್ಬಾಕೆ ಅಕ್ಕ, ಇನ್ನೊಬ್ಬಾಕೆ ಕಾಕಿ, ಯಾರೂ ಅಲ್ಲದಾಕೆ ನಮ್ಮ ನಾದಿನಿಯ ನೆಗೆಣ್ಣಿ.

ಆದರೆ ಮಸಾಲೆ ಖಾರ ಮಾಡುವುದರಲ್ಲಿ ನಾನು ಯಾರಿಗೂ ಸೋಲುವವಳಲ್ಲ. ಹೇಳಿಕೊಳ್ಳಲು ಸಂಕೋಚವೂ ಇಲ್ಲ. ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಬಿಡಿಸಿ, ಒಣಕೊಬ್ಬರಿ, ಬಳ್ಳೊಳ್ಳಿ, ಕೊತ್ತಂಬರಿ ಬೀಜ ಬೇರೆ ಬೇರೆ ಹುರಿದು ಕುಟ್ಟಿಸಿದೆನೆಂದರೆ ಓಣಿಯ ಆ ತುದಿಯಲ್ಲಿ ಸೀನಿದವರು, "ಅಕ್ಕಾರ ಮನ್ಯಾಗ ಖಾರ ಆತು ನೋಡ್ರಿ" ಅನ್ನುತ್ತಿದ್ದರು. ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಅದನ್ನೇ ಮಾರಲು ಹೊರಟೆ. ನಮ್ಮವರು ಪೇಪರು ಮಡಚಿಟ್ಟು, "ಈ ಖಾರದ ರೊಕ್ಕದಾಗ ಮುಂದಿನ ವರ್ಷದ ಮೆಣಸಿನಕಾಯಿ ತಂದಿ ಅಂದ್ರ ಅದು ವ್ಯಾಪಾರ. ಇಲ್ಲಂದ್ರ ದಾಸೋಹ, ಅಷ್ಟಕ್ಕ ನಿಲ್ಲಸು" ಎಂದರು. ದಾಸೋಹ ದೊಡ್ಡದೇ ಸರಿ, ನನಗೆ ವ್ಯಾಪಾರವೇ ಬೇಕಿತ್ತು.

ತೊಡಕು ಪಡಸಾಲೆಯಲ್ಲೇ ಕೂತಿತ್ತು. ರಾಜ್ಯದ ಗಡಿಯಲ್ಲಿ ಲಾರಿ ತಡೆಯುವ ನಾಕಾ ಇರುತ್ತದಲ್ಲ, ನಮ್ಮಲ್ಲಿ ಅತ್ತೆ ಇದ್ದರು. ಅಲ್ಲಿಯವರು ರೊಕ್ಕ ಪಡೆಯದೆ ಬಿಡುವುದಿಲ್ಲ. ಅತ್ತೆ ರೊಕ್ಕ ಕೊಡಲು ಬಿಡುತ್ತಿರಲಿಲ್ಲ. ಸಂಗೊಳ್ಳಿಯ ನೀಲವ್ವ ಬಸ್ಸಿಳಿದು ಬಂದು, ಡಬ್ಬಿ ತುಂಬಿಸಿಕೊಂಡು, ಸೆರಗಿನ ಗಂಟಿಗೆ ಕೈ ಹಾಕಿದಳೋ ಇಲ್ಲವೋ, "ರೊಕ್ಕಾ? ನೀ ಏನ್ ಹೊರಗಿನಾಕಿ ಏನ? ಗಂಟ ಕಟ್ಟವಾ ಮೊದಲ!" ಎಂದು ಗದರುತ್ತಿದ್ದರು. ನೀಲವ್ವ ಗಂಟು ಕಟ್ಟುತ್ತಿದ್ದಳು. ನಾನು ಕಾನ್ವೆಂಟಿನ ನಗೆ ನಗುತ್ತಿದ್ದೆ. ಖಾರಕ್ಕೆ ಊರೆಲ್ಲ ಹೆಸರು ಬಂತು, ಮತ್ತೇನೂ ಬರಲಿಲ್ಲ.

ಹಿಂದಿನ ಓಣಿಯ ಗಂಗವ್ವ ಶಾವಿಗೆ ಮಾಡುತ್ತಿದ್ದಳು. ಅವಳ ನಾಕಾದಲ್ಲಿ ಅವಳ ಮಾವ ಕೂತಿದ್ದರು, ಗೋಳು ಇದೇ. ಒಮ್ಮೆ ಮನೆಮಂದಿಯೆಲ್ಲ ಸವದತ್ತಿಗೆ ಲಗ್ನಕ್ಕೆ ಹೊರಟಾಗ ಶಾವಿಗೆಯ ಬುಟ್ಟಿ ತಂದು, "ಅಕ್ಕಾರ, ಯಾರರೆ ಕೇಳಿದ್ರ ಕೊಟ್ಟಬಿಡ್ರಿ" ಎಂದು ನಮ್ಮಲ್ಲಿಟ್ಟಳು. ನೀಲವ್ವ ಬಂದು ಅದನ್ನೂ ತೂಗಿಸಿಕೊಂಡು, ರೂಢಿಯಂತೆ ಚೀಲಕ್ಕೆ ಹಾಕಿ ಎದ್ದಳು.

"ತಡಿಯವಾ!" ಅತ್ತೆಯ ದನಿ. "ಅದು ಮಂದಿ ಬದುಕು, ನಮ್ಮದಲ್ಲ. ರೊಕ್ಕಾ ಇಟ್ಟ ಹೋಗು."

"ಎಮ್ಮಾ, ನಾ ಏನ್ ಹೊರಗಿನಾಕಿ ಏನ?"

"ನೀ ಒಳಗಿನಾಕೀನ. ಶಾವಿಗಿ ಹೊರಗಿಂದು!"

ನೀಲವ್ವ ಗಂಟು ಬಿಚ್ಚಿ ರೊಕ್ಕ ಎಣಿಸಿಟ್ಟಳು. ಲಗ್ನ ಮುಗಿಸಿ ಗಂಗವ್ವ ಬಂದ ದಿನವೇ ನಮ್ಮ ಖಾರವೆಲ್ಲ ಅವಳ ಪಡಸಾಲೆಗೆ ಹೋಯಿತು, ಅವಳ ಶಾವಿಗೆಯೆಲ್ಲ ನಮ್ಮಲ್ಲಿಗೆ ಬಂತು. ಅತ್ತೆಯಂಥ ಕಟ್ಟುನಿಟ್ಟಿನ ವ್ಯಾಪಾರಸ್ಥೆಯನ್ನು ನಾನು ಪೇಟೆಯಲ್ಲೂ ಕಂಡಿಲ್ಲ. ಸ್ವಂತ ತಂಗಿಗೂ ಉದ್ರಿ ಇಲ್ಲ. ಆ ಕಡೆ ಗಂಗವ್ವನ ಮಾವನೂ ಹಾಗೇ. ಮರುವರ್ಷ ನನ್ನ ರೊಕ್ಕದಲ್ಲಿ ಕೊಂಡ ಮೆಣಸಿನಕಾಯಿಯ ಚೀಲವನ್ನು ನಮ್ಮವರೇ ಹೆಗಲ ಮೇಲೆ ಹೊತ್ತು ತಂದು, "ಎಲ್ಲಿ ಇಡ್ಲಿ, ಸಾವ್ಕಾರ್ತಿ?" ಎಂದರು. ನಾನು ಬೇಕೆಂದೇ ಸ್ವಲ್ಪ ಹೊತ್ತು ಯೋಚಿಸಿ ಜಾಗ ತೋರಿಸಿದೆ.

ಮುಂದೊಮ್ಮೆ ಬೀಗರು ಬಂದಾಗ ನೋಡಿದರೆ ಮನೆಯಲ್ಲಿ ಚಿಟಿಕೆ ಖಾರವಿಲ್ಲ, ಎಲ್ಲ ಗಂಗವ್ವನ ಮನೆ ಸೇರಿದೆ. ಬಟ್ಟಲು ಹಿಡಿದು ಓಡಿದೆ. ಗಂಗವ್ವ ಇರಲಿಲ್ಲ, ಅವಳ ಮಾವ ಇದ್ದರು. ತೂಗಿ ಕೊಟ್ಟು ಕೈ ಚಾಚಿದರು.

"ಮಂದಿ ಬದುಕ್ರೀ ಯವ್ವಾ, ರೊಕ್ಕಾ ಕೊಟ್ಟ ಒಯ್ರಿ."

"ಅಜ್ಜಾರ, ಆ ಮಂದಿ ನಾನ ರೀ!"

"ಇರಬಹುದ್ರೀ. ರೊಕ್ಕಾ?"

ಕೊಟ್ಟೆ. ಒಂದು ಚಮಚ ಕೊಸರಾದರೂ ಹಾಕಿರೆಂದೆ, ತಲೆಯಾಡಿಸಿಬಿಟ್ಟರು. ಸಂಜೆ ಗಂಗವ್ವ ಅದೇ ರೊಕ್ಕ ತಂದು ನನ್ನ ಕೈಗಿಡುತ್ತಾಳೆ ಎಂಬುದು ಬೇರೆ ಮಾತು. ನನ್ನ ವ್ಯಾಪಾರ ಇಷ್ಟು ಗಟ್ಟಿ ಕೈಯಲ್ಲಿದೆಯಲ್ಲ ಎಂದು ದಾರಿಯುದ್ದಕ್ಕೂ ಹೆಮ್ಮೆಪಟ್ಟೆ. ಮನೆಗೆ ಬಂದು ಬಟ್ಟಲು ನೋಡಿದಾಗ ಮಾತ್ರ ಅನಿಸಿತು: ಇಷ್ಟು ಖಾರಕ್ಕೆ ರೇಟು ತುಸು ಹೆಚ್ಚಾಯಿತೇನೋ.