ದಫ್ತರಣ್ಣನ ಡಿಟ್ಟೋ

“ಇನ್ನೂರ ಹನ್ನೆರಡು ಫಾರಂ ತಾನೇ? ಮೂವತ್ತು ವರ್ಷದಿಂದ ಕಚೇರಿ ಕಡತಗಳನ್ನ ಅರೆದು ಕುಡಿದೋನು ನಾನು! ಎಡಗೈಯಲ್ಲಿ ಮುಗಿಸಿಬಿಡ್ತೀನಿ. ನೀನು ಶನಿವಾರದ ಬಸ್ಸಿಗೆ ಟಿಕೆಟ್ ಮಾಡಿಸು!”

ಫೋನಿನಲ್ಲಿ ಹೀಗೆ ಗುಡುಗಿದವರು ಹೆಡ್‌ಕ್ಲರ್ಕ್. ಕಚೇರಿಯವರ ಬಾಯಲ್ಲಿ ದಫ್ತರಣ್ಣ. ಆ ಕಡೆ ಕೇಳಿಸಿಕೊಂಡವಳು ಅವರ ಹೆಂಡತಿ. ಇಪ್ಪತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿ, ನಲವತ್ತೇಳನೇ ವಯಸ್ಸಿನಲ್ಲಿ ರಜೆ ಹಾಕಿ, ತಾನೇ ವಿದ್ಯಾರ್ಥಿನಿಯಾಗಿ ಆರು ಗಂಟೆ ದಾರಿಯ ಊರಿನಲ್ಲಿ ಹಾಸ್ಟೆಲ್ ಸೇರಿದ್ದಳು. ಶಾಲೆಯ ಮಕ್ಕಳು ಮನೆಯಲ್ಲಿ ಯಾರ ಜೊತೆ, ಎಷ್ಟು ಹೊತ್ತು ಓದುತ್ತಾರೆ ಎಂಬುದು ಅವಳ ಸಂಶೋಧನೆ. ಮಕ್ಕಳು ತುಂಬಿಕೊಟ್ಟ ಫಾರಂಗಳು ಊರಿನಲ್ಲಿ ಗಂಡನ ಹತ್ತಿರವೇ ಇದ್ದವು. ಆ ಉತ್ತರಗಳೆಲ್ಲ ಕಂಪ್ಯೂಟರಿಗೆ ಏರಿ, ಶುಕ್ರವಾರ ಅವಳ ಗೈಡ್ ಮೇಡಂ ಕೈಗೆ ಫಲಿತಾಂಶ ಸಿಕ್ಕರೆ ನಾಲ್ಕು ದಿನ ಊರಿಗೆ ಬರಬಹುದು. ಸಿಗದಿದ್ದರೆ ಇಲ್ಲ.

ಅವಳು ಹೋಗಿ ಏಳು ತಿಂಗಳಾಗಿತ್ತು. ದಫ್ತರಣ್ಣನವರಿಗೆ ಮನೆ ಮನೆಯಾಗಿ ಉಳಿದಿರಲಿಲ್ಲ. ಒದ್ದೆ ಟವೆಲ್ ಕುರ್ಚಿಯ ಮೇಲೆ ಎಸೆದರೆ ಅದು ನಾಲ್ಕು ದಿನ ಅಲ್ಲೇ, “ರೀ, ಸ್ನಾನ ಮಾಡಿದ್ದು ನೀವಾ, ಕುರ್ಚಿನಾ?” ಎಂದು ಕೇಳುವವರಿಲ್ಲ. ಅಡುಗೆಗೆ ಉಪ್ಪು ಹೆಚ್ಚಾದರೆ ತಪ್ಪು ಹೊರಿಸಲು ಇನ್ನೊಬ್ಬರಿಲ್ಲ. ಬೈಸಿಕೊಳ್ಳದೆ ಮನುಷ್ಯ ಎಷ್ಟು ದಿನ ಅಂತ ಬದುಕುತ್ತಾನೆ! ಅವಳು ಬೇಕಾಗಿದ್ದಳು, ಅಷ್ಟೇ. ಆದರೆ ಫೋನಿನಲ್ಲಿ ಮಾತ್ರ ಪ್ರತಿದಿನ, “ನಾನು ಆರಾಮಾಗಿದೀನಿ, ನೀನು ಓದಿನ ಕಡೆ ಗಮನ ಕೊಡು,” ಎನ್ನುತ್ತಿದ್ದರು.

ಅವಳು ಹೇಳಿದ್ದು ಇಷ್ಟೇ: “ನೇರವಾಗಿ ಎಕ್ಸೆಲ್‌ನಲ್ಲೇ ತುಂಬಿ ರೀ. ಒಂದು ಮಗುಗೆ ಒಂದು ಸಾಲು.”

ದಫ್ತರಣ್ಣನವರ ಪ್ರಾಣ ಇದ್ದದ್ದು ವರ್ಡ್‌ನಲ್ಲಿ. ಕಚೇರಿಯ ಪತ್ರಗಳೆಲ್ಲ ಅದರಲ್ಲೇ ತಾನೇ ಹುಟ್ಟುವುದು! ಮೂರು ಸಂಜೆ ಕುಳಿತು ಜೋಡಿಗೆರೆಯ ಅಂಚಿನ ಟೇಬಲ್ ಹಾಕಿದರು, ತಲೆಬರಹಕ್ಕೆ ಬಣ್ಣ ಬಳಿದರು. ‘ಒಂಬತ್ತನೇ ತರಗತಿ’, ‘ಅಮ್ಮನ ಜೊತೆ’, ‘ಒಂದು ಗಂಟೆ’ ಎಂದು ಮೇಲಿನ ಸಾಲಿನದೇ ಉತ್ತರ ಮತ್ತೆ ಬಂದರೆ, ಅದನ್ನೇ ಮತ್ತೆ ಬರೆಯುವುದು ಯಾವ ಶಿಸ್ತು? ಕಚೇರಿಯ ರಿಜಿಸ್ಟರಿನಲ್ಲಿ ಹಾಗೆ ಮಾಡುತ್ತಾರೆಯೇ? ಕೆಳಗೆ ಎರಡು ಪುಟ್ಟ ಗೆರೆ. ಡಿಟ್ಟೋ! ಟೇಬಲ್ ತುಂಬ ಡಿಟ್ಟೋಗಳು ಇರುವೆ ಸಾಲಿನಂತೆ ಇಳಿದುಹೋದವು.

ಗುರುವಾರ ಅದನ್ನೆಲ್ಲ ಎತ್ತಿ ಎಕ್ಸೆಲ್‌ಗೆ ಸಾಗಿಸಿದರು. ಮಕ್ಕಳ ಹೆಸರುಗಳು ಹೇಗೆಂದರೆ ಹಾಗೆ ನಿಂತಿದ್ದು ಕಣ್ಣಿಗೆ ಚುಚ್ಚಿತು. ಒಂದು ಗುಂಡಿ ಒತ್ತಿ ಸಾಲುಗಳನ್ನೆಲ್ಲ ಅಕಾರಾದಿಯಾಗಿ ನಿಲ್ಲಿಸಿದರು. ಹಳೆಯ ಕ್ರಮಸಂಖ್ಯೆ ತೆಗೆದು ಒಂದರಿಂದ ಇನ್ನೂರ ಹನ್ನೆರಡರವರೆಗೆ ಹೊಸದು ಕೊಟ್ಟರು. ‘ಒಂದು ವಿಷಯಕ್ಕೆ ಒಂದೇ ಕಡತ’ ಎಂಬುದು ಅವರ ಶಾಸನವಾದ್ದರಿಂದ ವರ್ಡ್ ಫೈಲನ್ನು ಅಳಿಸಿ, ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿದರು. ಹೆಂಡತಿಗೆ ಮೇಲ್ ಹಾಕಿ, ಮನೆ ಗುಡಿಸಿ ಒರೆಸಿ, ಹಾಸಿಗೆಗೆ ಒಗೆದ ಹೊದಿಕೆ ಹಾಸಿದರು. ಅವಳ ದಿಂಬನ್ನು ಎರಡು ಸಲ ತಟ್ಟಿ ಸರಿಮಾಡಿದರು.

ಶುಕ್ರವಾರ ಬೆಳಿಗ್ಗೆ ಫೋನು ಬಂತು.

“ರೀ, ಏನಿದು? ಅಂಕಿಅಂಶದ ಸಾಫ್ಟ್‌ವೇರಿಗೆ ಹಾಕಿದೆ. ಬರೀ ಹತ್ತೊಂಬತ್ತು ಮಕ್ಕಳ ಉತ್ತರ ತಗೊಳ್ತಿದೆ. ಉಳಿದ ಕಡೆಯೆಲ್ಲ ಎರಡೆರಡು ಗೆರೆ!”

“ಡಿಟ್ಟೋ ಕಣೇ. ಮೇಲಿನಂತೆ ಅಂತ ಅರ್ಥ. ಅಷ್ಟೂ ಗೊತ್ತಾಗಲ್ವಾ ಅದಕ್ಕೆ?”

“ಮೇಲಿನಂತೆ, ಸರಿ. ಮೇಲಿದ್ದೋರು ಈಗ ಎಲ್ಲಿದಾರೆ?”

“ಎಲ್ಲಿದಾರೆ ಅಂದ್ರೆ? ನಾನು ಅಕಾರಾದಿಯಾಗಿ...”

ದಫ್ತರಣ್ಣನವರಿಗೆ ಆಗ ಹೊಳೆಯಿತು. ಸಾಲುಗಳು ಜಾಗ ಬದಲಿಸಿದಾಗ ಒಂದೊಂದು ಡಿಟ್ಟೋದ ತಲೆಯ ಮೇಲೂ ಬೇರೆ ಯಾರೋ ಬಂದು ಕುಳಿತಿದ್ದರು. ಅಮ್ಮನ ಜೊತೆ ಓದುತ್ತಿದ್ದ ಹುಡುಗಿ ಈಗ ಯಾರ ಜೊತೆ ಓದುತ್ತಿದ್ದಾಳೋ ದೇವರೇ ಬಲ್ಲ!

“ಹೋಗ್ಲಿ, ವರ್ಡ್ ಫೈಲ್ ಕಳಿಸಿ.”

“ಅದು... ವಿಲೇವಾರಿ ಆಯ್ತು.”

“ಅಂದ್ರೆ?”

“ಅಳಿಸಿಬಿಟ್ಟೆ.”

ಏಳು ತಿಂಗಳಿನಿಂದ ಬಾಕಿ ಉಳಿದ ಬೈಗುಳವೆಲ್ಲ ಈಗ ಬರುತ್ತದೆ ಎಂದು ದಫ್ತರಣ್ಣ ಆಸೆಯಿಂದಲೇ ಕಿವಿಗೊಟ್ಟರು. ಬರಲಿಲ್ಲ.

“ಹಾಗಾದ್ರೆ ನಾಳೆ ನಾನು ಬರೋಕಾಗಲ್ಲ ರೀ,” ಎಂದಳು ಸಣ್ಣ ದನಿಯಲ್ಲಿ. “ಸೋಮವಾರದವರೆಗೆ ಮೇಡಂ ಹತ್ರ ಟೈಮ್ ಕೇಳ್ತೀನಿ. ಫಾರಂ ಕಟ್ಟು ತಗೊಂಡು ನೀವೇ ಬನ್ನಿ.”

ಶನಿವಾರ ನಸುಕಿನ ಬಸ್ಸು ಹತ್ತಿ ಹೋದರು. ಹಾಸ್ಟೆಲಿನೊಳಗೆ ಗಂಡಸರಿಗೆ ಪ್ರವೇಶವಿಲ್ಲ. ಬಾಗಿಲ ಪಕ್ಕದ ಸಂದರ್ಶಕರ ಕೋಣೆಯಲ್ಲಿ ಒಂದು ಕುಂಟು ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ, ‘ಭೇಟಿಯ ಸಮಯ ಹತ್ತರಿಂದ ಆರು’ ಎಂಬ ಬೋರ್ಡು. ಅವಳು ತುಸು ಇಳಿದುಹೋಗಿದ್ದಳು. ದಫ್ತರಣ್ಣ ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದು ಕುಳಿತರು. ಕಟ್ಟು ಬಿಚ್ಚಿ ಓದತೊಡಗಿದರು. ಅವಳು ಟೈಪ್ ಮಾಡಿದಳು.

“ಒಂಬತ್ತನೇ ತರಗತಿ, ಅಜ್ಜಿ ಜೊತೆ, ಎರಡು ಗಂಟೆ.”

“ಮುಂದಿಂದು?”

“ಡಿಟ್ಟೋ.”

ಅವಳು ತಲೆಯೆತ್ತಿ ನೋಡಿದಳು.

“ಒಂಬತ್ತನೇ ತರಗತಿ, ಅಜ್ಜಿ ಜೊತೆ, ಎರಡು ಗಂಟೆ,” ಎಂದು ದಫ್ತರಣ್ಣ ಮಗ್ಗಿ ಒಪ್ಪಿಸುವವರಂತೆ ಒಪ್ಪಿಸಿದರು.

ರಾತ್ರಿ ಎದುರಿನ ಲಾಡ್ಜು. ಭಾನುವಾರ ಹತ್ತಕ್ಕೆ ಮತ್ತೆ ಹಾಜರು. ಮಧ್ಯಾಹ್ನ ದಾಟಿದಂತೆ ಕಟ್ಟು ತೆಳ್ಳಗಾಯಿತು, ದಫ್ತರಣ್ಣನವರ ಎದೆ ಭಾರವಾಯಿತು. ಇದು ಮುಗಿದರೆ ಮತ್ತೆ ಆ ಮನೆ, ಮತ್ತೆ ಆ ಟವೆಲ್. ಕೊನೆಯ ಹತ್ತು ಫಾರಂಗಳನ್ನು ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದರು.

“ಯಾಕ್ರೀ ಇಷ್ಟು ನಿಧಾನ?”

“ಕಾಗೆ ಕಾಲು ಗುಬ್ಬಿ ಕಾಲು ಕಣೇ, ಅಕ್ಷರವೇ ಗೊತ್ತಾಗಲ್ಲ.”

ಅವಳು ಬಗ್ಗಿ ನೋಡಿದಳು. ಅಕ್ಷರ ಮುತ್ತು ಪೋಣಿಸಿದಂತಿತ್ತು. ತಾನೂ ನಿಧಾನವಾಗಿ ಟೈಪ್ ಮಾಡತೊಡಗಿದಳು.

ಕೊನೆಗೂ ಮುಗಿಯಿತು. ಸಾಫ್ಟ್‌ವೇರು ಇನ್ನೂರ ಹನ್ನೆರಡು ಮಕ್ಕಳನ್ನೂ ಒಪ್ಪಿಕೊಂಡಿತು. ಕಾವಲಿನ ಹೆಂಗಸು ಬಾಗಿಲಲ್ಲಿ ಬಂದು, “ಆರು ಗಂಟೆ ಆಯ್ತು,” ಎಂದಳು. ಹೆಂಡತಿ ಲ್ಯಾಪ್‌ಟಾಪ್ ಮುಚ್ಚಿ ಗಂಡನ ಮುಖವನ್ನೇ ನೋಡಿದಳು.

“ನಿಜ ಹೇಳಿ. ನನ್ನ ನೋಡೋ ನೆಪಕ್ಕೆ ಬೇಕಂತಲೇ ಕೆಡಿಸಿದ್ರಾ?”

ಹೌದೆಂದರೆ ಸಾಕಿತ್ತು! ಜಾಣನೆಂಬ ಹೆಸರು, ರಸಿಕನೆಂಬ ಬಿರುದು, ಜೊತೆಗೆ ಮೂವತ್ತು ವರ್ಷದ ಅನುಭವದ ಮಾನ, ಎಲ್ಲವೂ ಒಂದೇ ಏಟಿಗೆ ಉಳಿಯುತ್ತಿದ್ದವು. ದಫ್ತರಣ್ಣ ಖಾಲಿ ಚೀಲವನ್ನು ಮಡಿಸುತ್ತ ನಿಂತರು.

“ಇಲ್ಲ ಕಣೇ. ಅಷ್ಟು ಬುದ್ಧಿ ಇದ್ದಿದ್ರೆ, ನೀನು ಹೋದ ಮೊದಲನೇ ತಿಂಗಳೇ ಏನಾದ್ರೂ ಕೆಡಿಸ್ತಿದ್ದೆ.”