ಹೊಸ್ತಿಲಿಗೆ ಅಂಟಿದ ಮಾವ

ನಮ್ಮ ಮಾವನವರಿಗೂ ಹೊಸ್ತಿಲಿಗೂ ಹಿಂದಿನ ಜನ್ಮದ ವೈರ! ಅಂಗಳದಲ್ಲಿ ನೆಟ್ಟಗೆ ನಡೆಯುವ ಮನುಷ್ಯ, ಬಾಗಿಲಿಗೆ ಬಂದೊಡನೆ ಕಾಲು ಕಿತ್ತಿಡಲಾಗದೆ ನಿಂತುಬಿಡುತ್ತಿದ್ದರು. ಠಾಣಾ ಕುಶನೂರಿಗೆ ನಾನು ಸೊಸೆಯಾಗಿ ಬಂದ ದಿನವೇ ಈ ಪ್ರತಾಪ ಕಂಡೆ. ಬಾಗಿಲಲ್ಲಿ ಮಾವ, ಅವರ ಹಿಂದೆ ಮದುಮಗಳು ನಾನು, ನನ್ನ ಹಿಂದೆ ಹಸಿದ ಬೀಗರು!

"ಮಾವಗ ಸೊಸಿ ಪಸಂದ್ ಇಲ್ಲೇನ್ರಿ?" ಎಂದು ಯಾರೋ ಕೇಳಿಯೇಬಿಟ್ಟರು. ಅತ್ತೆ ಮಾತ್ರ ಕುರಿ ಕಾಯುವ ಕೋಲನ್ನು ಅವರ ಕಾಲ ಮುಂದೆ ಅಡ್ಡ ಇಟ್ಟರು. ಮಾವ ಅದನ್ನು ಠೀವಿಯಿಂದ ದಾಟಿ ಒಳಗೆ ಹೋದರು! ಬರೀ ಹೊಸ್ತಿಲು ದಾಟಲಾಗದು, ಮೇಲೊಂದು ಅಡ್ಡಿ ಇಟ್ಟರೆ ಸಲೀಸು. ಇಂಥ ಕಾಲು ಎಲ್ಲಾದರೂ ಕಂಡಿದ್ದೀರಾ?

ಕೈಯದು ಇನ್ನೊಂದು ಕಥೆ. ಸುಮ್ಮನೆ ಕೂತರೆ ಗಡಗಡ ನಡುಗುತ್ತಿತ್ತು. "ಹ್ಯಾಂಗೂ ನಡಗ್ತದ, ಹಿಟ್ಟರೆ ಸಾಣಿಸ್ಲಿ" ಎಂದು ಅತ್ತೆ ಜರಡಿ ಕೊಟ್ಟರೆ, ಹಿಡಿದ ತಕ್ಷಣ ಕೈ ಗಪ್ಪಾಯಿತು. "ನೋಡವ್ವಾ, ಕೆಲಸ ಕಂಡ್ರ ನಿಂತೇ ಬಿಡ್ತದ!" ಎಂದು ಅತ್ತೆ ಹಣೆ ಚಚ್ಚಿಕೊಂಡರು.

ಈಗಿನ ಡಾಕ್ಟರು ಇದನ್ನು ಪಾರ್ಕಿನ್ಸನ್ ಎನ್ನುತ್ತಾರೆ, ಮಿದುಳಿನ ಕಾಯಿಲೆ ಎನ್ನುತ್ತಾರೆ. ಆಗ ಊರವರಿಗೆ ಗೊತ್ತಿದ್ದದ್ದು ಎರಡೇ: ದೆವ್ವ, ಇಲ್ಲವೇ ಪುಕ್ಕಲುತನ. ಮಾವನಿಗೆ ಪುಕ್ಕಲನೆಂದೇ ಹೆಸರು ಬಿತ್ತು. ನಿಜ ಹೇಳಲೇ? ಆಗ ಅಂಜದವರು ಯಾರಿದ್ದರು! ನಿಜಾಮನ ಆಳ್ವಿಕೆಯ ಕೊನೆಯ ದಿನಗಳು, ಭಾರತದ ಸೈನ್ಯ ಬಂದ ಪೊಲೀಸ್ ಕಾರ್ಯಾಚರಣೆ ಇನ್ನೂ ಆಗಿರಲಿಲ್ಲ; ಊರು ದೋಚುವ ನಿಜಾಮನ ಕಡೆಯ ರಜಾಕಾರರದೇ ಭಯ. ನಾಯಿ ಬೊಗಳಿದರೂ ನಾವು ಒಲೆ ಆರಿಸಿ ಮೂಲೆ ಸೇರುತ್ತಿದ್ದೆವು.

ಒಂದು ಮಧ್ಯಾಹ್ನ "ರಜಾಕಾರರು ಬಂದ್ರು! ಓಡ್ರಿ!" ಎಂಬ ಕೂಗೆದ್ದಿತು. ಊರಿಗೆ ಊರೇ ಜೋಳದ ಹೊಲಕ್ಕೆ ಓಡಿತು. ನಾವೂ ಹಿಂದೆಯೇ ಬರುತ್ತೇವೆಂದು ತಿಳಿದು ಅತ್ತೆ ಮತ್ತು ನನ್ನ ಗಂಡ ಕುರಿ ಹೊಡೆದುಕೊಂಡು ಮುಂದೆ ಹೋದರು. ಕೋಲೂ ಅವರ ಜೊತೆಗೇ ಹೋಯಿತು. ಇತ್ತ ಮಾವ ಹೊಸ್ತಿಲಲ್ಲಿ ಗಕ್ಕನೆ ನಿಂತರು!

ನಾನು ಬಸುರಿ. ಮಾವನ ಎದುರು ಸೊಸೆ ಬಾಯಿ ತೆರೆಯಬಾರದ ಕಾಲ ಅದು. ಆದರೂ ಹೊರಗೆ ಹೋಗಿ, ಹೊಸ್ತಿಲ ಮುಂದೆ ಕೂತು, ಎರಡೂ ಕಾಲು ಅಡ್ಡ ಚಾಚಿದೆ.

"ದಾಟ್ರಿ!"

"ಬಸುರಿನ ದಾಟಬಾರದವ್ವಾ..."

"ದಾಟ್ರಿ ಅಂದೆ!"

ದಾಟಿದರು. ಉಸಿರು ಬಿಟ್ಟು ಏಳಲು ಹೊರಟೆನೋ ಇಲ್ಲವೋ, ಆ ಪುಣ್ಯಾತ್ಮ ತಿರುಗಿ ನನ್ನ ಕಾಲು ದಾಟಿ ಮತ್ತೆ ಒಳಗೆ ಹೋಗಿಬಿಟ್ಟರು! ದೂರದಲ್ಲಿ ಕುದುರೆಗಳ ಸಪ್ಪಳ.

"ಒಳಗ ಯಾಕ ಹೋದ್ರಿ?" ಎಂದು ಚೀರಿದೆ.

"ದಾಟಿದ್ದು ಹಂಗೇ ಬಿಟ್ರ ಕೂಸಿಗಿ ಕೇಡವ್ವಾ. ತಿರುಗಿ ದಾಟೀನಿ, ಈಗ ಏನೂ ಆಗಂಗಿಲ್ಲ. ನೀ ಓಡು. ನನ್ನ ಬಿಡು."

ನನಗೆ ಅಳು, ಸಿಟ್ಟು ಒಟ್ಟಿಗೇ ಬಂದವು. ಒಳಗೆ ನುಗ್ಗಿ ಒನಕೆ ತಂದು ಅವರ ಕಾಲ ಮುಂದೆ ಒಗೆದೆ. "ನಿಮ್ಮನ್ನ ಬಿಟ್ಟು ಎಲ್ಲಿಗಿ ಹೋಗ್ಲಿ, ಅಪ್ಪಾ?"

ಈ ಸಲ ದಾಟಿದವರು ತಿರುಗಲಿಲ್ಲ.

ಕುದುರೆ ಮೇಲೆ ಬಂದ ರಜಾಕಾರರು ಬೇರೆ ದಾರಿ ಹಿಡಿದರಂತೆ. ಆ ಸುದ್ದಿ ಬರುವತನಕ ಜೋಳದೊಳಗೆ ನಾನು ಮುದುಡಿ ಕೂತಿದ್ದೆ. ನನಗೂ ದಾರಿಗೂ ನಡುವೆ, ಮೈಯೆಲ್ಲ ನಡುಗಿಸುತ್ತ, ನಮ್ಮೂರಿನ ಪುಕ್ಕಲ ಅಡ್ಡ ಕೂತಿದ್ದರು.