ಸ್ವಿಚ್ಚು ಕಂಡರೆ ಏಳುವ ಕೈ

ಸೂರ್ಯನಿಗೊಂದು ಸ್ವಿಚ್ಚಿದ್ದಿದ್ದರೆ ನಮ್ಮ ಮನೆ ಮಾಲೀಕರು ಬೆಳಿಗ್ಗೆ ಹನ್ನೊಂದಕ್ಕೇ ಆರಿಸಿಬಿಡುತ್ತಿದ್ದರು, ಇವತ್ತಿಗೆ ಇಷ್ಟು ಬೆಳಕು ಸಾಕು ಎಂದು. ನಿಗಡಿಯ ನಮ್ಮ ಓಣಿಯವರಂತೆ ನಾವೂ ಅವರನ್ನು ಕಾಕಾ ಎನ್ನುತ್ತೇವೆ. ಕಲಬುರಗಿ ಕಡೆಯವರು, ಗಾರೆ ಕೆಲಸಕ್ಕೆ ಇಲ್ಲಿಗೆ ಬಂದು, ಊರವರ ಮನೆಗಳನ್ನೆಲ್ಲ ಕಟ್ಟಿ, ಕೊನೆಗೆ ತಮಗೂ ಒಂದು ಕಟ್ಟಿಕೊಂಡವರು. ಕೆಳಗೆ ಅವರು, ಮೇಲೆ ನಾವು, ಇಬ್ಬರಿಗೂ ಒಂದೇ ಮೀಟರು.

ಬಾಡಿಗೆ ಮನೆ ಹುಡುಕುವವರಿಗೆ ಪುಕ್ಕಟೆ ಸಲಹೆ ಕೊಡುತ್ತೇನೆ, ಕೇಳಿ: ಮನೆ ನೋಡುವ ಮೊದಲು ಮೀಟರು ನೋಡಿ. ಒಂದೇ ಇದ್ದರೆ, ಲೈಟು ನೀರು ಎಲ್ಲಾ ಬಾಡಿಗೆಯೊಳಗೇ ಎಂದು ಪಟ್ಟು ಹಿಡಿಯಿರಿ. ನಾನು ಮಾರ್ಕೆಟ್ ಯಾರ್ಡಿನಲ್ಲಿ ಈರುಳ್ಳಿ ಚೀಲ ಹೊತ್ತು ಸ್ವಂತ ತರಕಾರಿ ಅಂಗಡಿ ಇಟ್ಟವನು. ಮೂರು ಸಲ ಎದ್ದು ಹೊರಟಂತೆ ಮಾಡಿ, ಮೂರು ಸಲ ಚಹಾ ಕುಡಿದು ಕಾಕಾನನ್ನು ಒಪ್ಪಿಸಿದೆ. ಲೈಟು, ನೀರಿನ ಜೊತೆ ಕಾಕಾ ಕೂಡ ಬಾಡಿಗೆಯೊಳಗೇ ಬರುತ್ತಾರೆಂದು ಯಾರಿಗೆ ಗೊತ್ತಿತ್ತು!

ಮಿಕ್ಸಿ ಸದ್ದಾದರೆ ಸಾಕು, ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. "ಚಟ್ನಿ ಇಷ್ಟು ಸಣ್ಣಗ ಯಾಕ ಬೇಕವ್ವ? ಹಲ್ಲು ಅದಾವಲ್ಲ," ಎಂದು ನನ್ನ ಹೆಂಡತಿಯನ್ನು ಕೇಳುವರು. ಖಾಲಿ ಕೋಣೆಯಲ್ಲಿ ಫ್ಯಾನು ಕಂಡರೆ, "ಇದು ಯಾರಿಗೆ ಗಾಳಿ ಹಾಕ್ಲಿಕತ್ತದ, ಗ್ವಾಡಿಗೇನು?"

ನಮ್ಮ ಸತ್ಯನಾರಾಯಣ ಪೂಜೆಯ ದಿನ ಹೋಳಿಗೆ ಉಂಡು, ಕೈ ತೊಳೆದು, ಫ್ಯಾನು ಆರಿಸಿ ಹೊರಟೇಬಿಟ್ಟರು. ಪಂಕ್ತಿಯಲ್ಲಿ ಇನ್ನೂ ಹನ್ನೊಂದು ಜನ ಕೂತಿದ್ದರು.

"ಮಂದಿ ಉಣ್ಲಿಕತ್ತಾರ ಕಾಕಾ," ಎಂದೆ.

"ಹೌದಲ್ಲ. ಕೈ ತಾನ ಹೋತು ನೋಡ್ರಿ."

ಈಚೆಗೆ ಅವ್ವನಿಗೆ ಉಸಿರಿನ ತೊಂದರೆ ಹೆಚ್ಚಾಗಿ ಊರಿಂದ ಕರೆತಂದೆ. ಡಾಕ್ಟರು ಆಕ್ಸಿಜನ್ ಯಂತ್ರ ಹಾಕಿಸಿದರು. ಹಗಲೂ ರಾತ್ರಿ ನಡೆಯಬೇಕು, ನಿಲ್ಲಿಸಬಾರದು. ಕಾಕಾಗೆ ಗೊತ್ತಾದರೆ ಮನೆ ಬಿಡಿಸಿಯಾರು. ಬಿಡಿಸದಿದ್ದರೂ ಆ ಕೈ ಎಂದಾದರೂ ತಾನಾಗಿ ಸ್ವಿಚ್ಚಿಗೆ ಹೋದೀತಲ್ಲ? ಕೋಣೆಯ ಬಾಗಿಲು ಮುಚ್ಚಿಟ್ಟೆವು.

ಮೂರನೆಯ ದಿನ ಕಾಕಾ ಹತ್ತಿ ಬಂದರು. "ಮೀಟರ್ ಭಾಳ ಓಡ್ಲಿಕತ್ತದ. ಏನದು ಗುಂಯ್ ಗುಂಯ್?"

"ಹಳೇ ಫ್ರಿಜ್ ಕಾಕಾ."

ಒಳಗೆ ಅವ್ವ ಕೆಮ್ಮಿದಳು.

"ಫ್ರಿಜ್ ಕೆಮ್ಮತದೇನ್ರಿ?" ಎಂದು ಬಾಗಿಲು ತಳ್ಳಿದರು. ಯಂತ್ರ, ಮೂಗಿನ ನಳಿಗೆ, ಅವ್ವನ ಮುಖ, ಎಲ್ಲವನ್ನೂ ನೋಡುತ್ತ ನಿಂತರು. ಬಲಗೈ ಆಗಲೇ ಸ್ವಿಚ್ ಬೋರ್ಡಿನ ಕಡೆ ಏಳುತ್ತಿತ್ತು. ಎಡಗೈಯಿಂದ ಅದನ್ನು ಹಿಡಿದುಕೊಂಡರು.

"ಬಾಡಿಗಿ ಏರಿಸ್ರಿ ಕಾಕಾ," ಎಂದೆ. "ಐದುನೂರು... ಸಾವಿರ ಮಾಡ್ರಿ." ಚೌಕಾಶಿಯಲ್ಲಿ ನಾನೇ ಮೇಲಕ್ಕೆ ಹತ್ತಿದ್ದು ಜೀವನದಲ್ಲಿ ಅದೇ ಮೊದಲು.

"ಲೈಟ್ ಬಿಲ್ ಬಾಡಿಗ್ಯಾಗ ಅಂತ ಮಾತಾಗ್ಯದ. ಈಗ ಮಾತು ತಿರುಗಿಸಬ್ಯಾಡ್ರಿ," ಎಂದು ನಡುಮನೆಯ ಲೈಟು ಆರಿಸಿ ಇಳಿದುಹೋದರು.

ಹತ್ತು ನಿಮಿಷಕ್ಕೆ ಮರಳಿ ಬಂದರು, ಕೈಯಲ್ಲಿ ಕರೀ ಟೇಪು. ಯಂತ್ರದ ಸ್ವಿಚ್ಚಿನ ಮೇಲೆ ಅಡ್ಡಡ್ಡ, ಉದ್ದುದ್ದ ಅಂಟಿಸಿ ಉಗುರಿನಿಂದ ಒತ್ತಿದರು.

"ಇದನ್ನ ನಾವ್ಯಾರೂ ಬಂದ್ ಮಾಡಂಗಿಲ್ಲ ಕಾಕಾ."

"ನಿಮ್ಮ ಸಲುವಾಗಿ ಅಲ್ರೀ," ಎಂದರು, ಟೇಪಿನಿಂದ ಕಣ್ಣೆತ್ತದೆ. "ನನ್ನ ಕೈ ಸಲುವಾಗಿ."